ಪುಕ್ಕಲು ಮರಿಹಾವು: ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ

ಮನೆಯಲ್ಲಿ ಸಾಕಿದ ಮರಿಹಾವಿನ ಪೆಟ್ಟಿಗೆಯ ಮುಚ್ಚಳ ತೆರೆದ ಕೂಡಲೇ ಅದು ಕತ್ತನ್ನು ಕೊಕ್ಕೆಯ ಹಾಗೆ ಹಿಂದಕ್ಕೆ ಮಡಚುತ್ತದೆ. ಬಾಲದ ತುದಿ ಪಟಪಟ ಅದುರುತ್ತದೆ. ಕೈ ಹತ್ತಿರ ಹೋದರೆ ಟಪ್ ಅಂತ ಒಂದು ಹೊಡೆತ. ಹೇಗೋ ಎತ್ತಿಕೊಂಡರೆ ಬೆರಳ ಸಂದಿಯಲ್ಲಿ ನುಸುಳಿ ಓಡುತ್ತದೆ, ಹೋಗುವಾಗ ಅಂಗೈ ಮೇಲೆ ಗಬ್ಬು ನಾರುವ ದ್ರವ ಬಿಟ್ಟು ಹೋಗುತ್ತದೆ. ‘ನನ್ನ ಹಾವಿಗೆ ಕೋಪ ಜಾಸ್ತಿ’ ಎಂದು ಬಹಳ ಜನ ಇಷ್ಟಕ್ಕೇ ತೀರ್ಮಾನ ಮಾಡಿಬಿಡುತ್ತಾರೆ.

ಅದು ಕೋಪವಲ್ಲ. ಮೊಟ್ಟೆಯಿಂದ ಆಗಷ್ಟೇ ಬಂದ ಕಾರ್ನ್ ಸ್ನೇಕ್ (ಜನ ಸಾಕುವ, ವಿಷವಿಲ್ಲದ ಒಂದು ಹಾವು) ಮರಿಯ ಉದ್ದ 20ರಿಂದ 30 ಸೆಂಟಿಮೀಟರ್, ದಪ್ಪ ಒಂದು ಪೆನ್ಸಿಲ್‌ನಷ್ಟು. ಹಕ್ಕಿ, ಬೆಕ್ಕು, ದೊಡ್ಡ ಹಾವು, ಎಲ್ಲಕ್ಕೂ ಅದು ಒಂದು ತುತ್ತು. ಮೇಲಿನಿಂದ ಇಳಿದು ಬರುವ ನಿಮ್ಮ ಕೈಯನ್ನು ಅದು ಹದ್ದಿನ ಕಾಲು ಎಂದು ತಿಳಿದರೆ ತಪ್ಪೇನೂ ಇಲ್ಲ, ಅಲ್ವಾ? ಆದ್ದರಿಂದ ಹೆದರಿಕೆಯೇ ದೋಷವಲ್ಲ. ವಾರಗಳು ಕಳೆದರೂ ಹೆದರಿಕೆ ಒಂದಿಷ್ಟೂ ಇಳಿಯದಿದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ಆಗ ಎಲ್ಲೋ ಏನೋ ತಪ್ಪಿದೆ.

ಹುಡುಕುವ ಕ್ರಮ ಇದು: ಮೊದಲು ಪೆಟ್ಟಿಗೆ, ಆಮೇಲೆ ಹಾವಿನ ಮೈ, ಆಮೇಲೆ ಊಟ, ಕಡೆಗೆ ನಿಮ್ಮ ಕೈ. ನಾವೆಲ್ಲ ಇದನ್ನು ತಿರುಗಾಮುರುಗಾ ಮಾಡುತ್ತೇವೆ. ಹಾವು ಹೊಡೆಯಿತು ಎಂದ ಕೂಡಲೇ ಹಿಡಿಯುವ ರೀತಿ ಬದಲಿಸುತ್ತೇವೆ, ಗ್ಲೌಸ್ ತರುತ್ತೇವೆ, ದಿನಕ್ಕೆ ನಾಲ್ಕು ಸಲ ಎತ್ತಿ ‘ಅಭ್ಯಾಸ’ ಮಾಡಿಸುತ್ತೇವೆ. ಪೆಟ್ಟಿಗೆಯೊಳಗೆ ನೆಮ್ಮದಿ ಇಲ್ಲದ ಹಾವಿಗೆ ಎಷ್ಟು ನಾಜೂಕಾದ ಕೈಯೂ ಕೆಲಸಕ್ಕೆ ಬಾರದು.

ಇಲ್ಲಿ ಹೇಳುವುದೆಲ್ಲ ಸಾಕಣೆಯಲ್ಲೇ ಹುಟ್ಟಿದ, ವಿಷವಿಲ್ಲದ ಮರಿಗಳಿಗೆ. ಅಂದರೆ ಕಾರ್ನ್ ಸ್ನೇಕ್, ಕಿಂಗ್ ಸ್ನೇಕ್, ಮಿಲ್ಕ್ ಸ್ನೇಕ್, ಬಾಲ್ ಪೈಥಾನ್ ಇಂಥವು. ಹೊರಗೆ ಸಿಕ್ಕಿದ ಹಾವಿಗೂ ಯಾವ ಜಾತಿ ಎಂದು ಖಾತ್ರಿ ಇಲ್ಲದ ಹಾವಿಗೂ ಇದು ಅನ್ವಯಿಸುವುದಿಲ್ಲ. ಅದರ ಹತ್ತಿರ ಕೈ ಒಯ್ಯಲೇಬೇಡಿ.

ಮೊದಲ ಪ್ರಶ್ನೆ: ಬಂದು ಎಷ್ಟು ದಿನವಾಯಿತು?

ಎರಡು ವಾರ ಆಗಿಲ್ಲ ಎಂದರೆ ಮುಚ್ಚಳ ಹಾಕಿ, ಎದ್ದು ಹೋಗಿ. ದೋಷ ಹುಡುಕುವ ಕಾಲವೇ ಇನ್ನೂ ಬಂದಿಲ್ಲ. ಹೊಸ ಜಾಗ, ಹೊಸ ವಾಸನೆ, ಹೊಸ ಶಾಖ. ಮರಿ ಇವಕ್ಕೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ನೀರು ಬದಲಿಸಿ, ಕೊಳೆ ತೆಗೆಯಿರಿ, ಅಷ್ಟೇ. ನಾನು ಇಟ್ಟುಕೊಂಡಿರುವ ನಿಯಮ ದಿನದ ಲೆಕ್ಕದ್ದಲ್ಲ, ಊಟದ ಲೆಕ್ಕದ್ದು: ಮೂರು ಊಟ ಒಂದೂ ತಪ್ಪದೆ ತಿಂದು ಅರಗಿಸಿಕೊಂಡ ಮೇಲೆಯೇ ಮುಟ್ಟುವುದು. ‘ಒಂದೇ ಒಂದು ಫೋಟೋ’ ಎಂದು ಸುಮ್ನೆ ಎತ್ತಿದರೂ ಅದು ಎತ್ತಿದ ಲೆಕ್ಕವೇ.

ಹೆದರಿಕೆಯೋ, ಹಸಿವೋ?

ಎರಡೂ ಹೊಡೆತದಲ್ಲೇ ಮುಗಿಯುತ್ತವೆ. ಆದರೆ ಪರಿಹಾರ ಪೂರ್ತಿ ಬೇರೆ, ಹಾಗಾಗಿ ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ಹೆದರಿದ ಹಾವು ನಿಮ್ಮಿಂದ ದೂರ ಸರಿಯಲು ನೋಡುತ್ತದೆ. ಕತ್ತು ಹಿಂದಕ್ಕೆ, ಮೈ ಬಿಗಿ, ಬುಸ್ ಎಂಬ ಸದ್ದು, ಬಾಲದ ನಡುಕ. ಹೊಡೆದರೂ ತಕ್ಷಣ ಬಿಟ್ಟುಬಿಡುತ್ತದೆ. ಎಷ್ಟೋ ಸಲ ಬಾಯಿ ಮುಚ್ಚಿಕೊಂಡೇ ಮೂತಿಯಿಂದ ಗುದ್ದುತ್ತದೆ. ಬಾಲ್ ಪೈಥಾನ್ ಆದರೆ ಹೊಡೆಯುವ ಬದಲು ತಲೆಯನ್ನು ನಡುವೆ ಮುಚ್ಚಿಟ್ಟುಕೊಂಡು ಚೆಂಡಾಗಿಬಿಡುತ್ತದೆ. ಹೆಸರು ಬಂದದ್ದೇ ಅದರಿಂದ. ಚೆಂಡಾಗಿರುವ ಹಾವನ್ನು ನೋಡಿ ‘ಎಷ್ಟು ಸಾಧು, ಕೈಯಲ್ಲೇ ಮಲಗಿಬಿಟ್ಟಿತು’ ಎನ್ನುವವರಿದ್ದಾರೆ. ಅದು ಸಾಧುತನವಲ್ಲ, ಹೆದರಿಕೆಯ ತುದಿ.

ಹಸಿದ ಹಾವು ನಿಮ್ಮ ಕಡೆಗೇ ಬರುತ್ತದೆ. ಬಿಲದಿಂದ (ಅಡಗಿ ಕೂರಲು ಪೆಟ್ಟಿಗೆಯೊಳಗೆ ಇಟ್ಟ ಗೂಡಿನಿಂದ) ತಲೆ ಹೊರಹಾಕಿ, ನಾಲಗೆ ಆಡಿಸುತ್ತ, ನಿಮ್ಮ ಬೆರಳಿನ ಮೇಲೆ ಗುರಿ ಇಟ್ಟು ಹೊಂಚುತ್ತದೆ. ಬುಸುಗುಡುವುದಿಲ್ಲ. ಹಿಡಿದರೆ ಬಿಡುವುದಿಲ್ಲ, ಸುತ್ತಿಕೊಳ್ಳುತ್ತದೆ. ನಿಮ್ಮ ಹಾವು ಈ ಬಗೆಯದಾದರೆ ಅದಕ್ಕೆ ಹೆದರಿಕೆಯೇ ಇಲ್ಲ. ಮುಚ್ಚಳ ತೆರೆದರೆ ಊಟ ಎಂದು ಕಲಿತಿದೆ, ಅಷ್ಟೇ. ಇಲಿಮರಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಒಳಗಿಟ್ಟರೆ ಎಂಥ ಹಾವಾದರೂ ಕಚ್ಚೀತು. ಬಾಲ್ ಪೈಥಾನ್‌ಗೆ ಮೇಲ್ತುಟಿಯಲ್ಲಿ ಶಾಖ ಗುರುತಿಸುವ ಗುಳಿಗಳಿವೆ. ಅದಕ್ಕೆ ನಿಮ್ಮ ಬೆಚ್ಚನೆ ಬೆರಳು ಇಲಿಯ ಹಾಗೇ ಕಾಣುತ್ತದೆ. ಕಾರ್ನ್ ಸ್ನೇಕ್‌ಗೆ ಆ ಗುಳಿಗಳಿಲ್ಲ, ಅದು ಹೆಚ್ಚಾಗಿ ವಾಸನೆ ನಂಬುತ್ತದೆ.

ಹಸಿವಿನ ಹೊಡೆತಕ್ಕೆ ಮದ್ದು ಸುಲಭ. ಎತ್ತುವ ಮೊದಲು ಪ್ರತಿ ಸಲವೂ ಸುತ್ತಿದ ಕಾಗದದ ಕೊಳವೆಯಿಂದಲೋ ಸಣ್ಣ ಕೊಕ್ಕೆಯಿಂದಲೋ ಮೈಯ ನಡುಭಾಗವನ್ನು ಮೆಲ್ಲಗೆ ಸವರಿ. ಸವರಿದರೆ ಊಟವಿಲ್ಲ, ಸವರದೆ ಇಲಿಮರಿ ಹಿಡಿದ ಇಕ್ಕಳ ಬಂದರೆ ಊಟ. ಈ ವ್ಯತ್ಯಾಸವನ್ನು ಹಾವು ಕೆಲವು ವಾರಗಳಲ್ಲಿ ಕಲಿಯುತ್ತದೆ. ಊಟಕ್ಕೆ ಬೇರೆ ಡಬ್ಬಿಗೆ ಸಾಗಿಸಿ, ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಕಚ್ಚುವುದು ಕಲಿಯುತ್ತದೆ ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ನಾನು ಒಪ್ಪುವುದಿಲ್ಲ. ಹಸಿದಾಗ ಎತ್ತುವುದು, ಉಂಡ ಕೂಡಲೇ ಮತ್ತೆ ಎತ್ತಿ ತರುವುದು, ಎರಡೂ ಅಪಾಯದ ಹೊತ್ತೇ. ಮೊದಲನೆಯದರಲ್ಲಿ ನಿಮಗೆ ಕಡಿತ, ಎರಡನೆಯದರಲ್ಲಿ ಅದಕ್ಕೆ ವಾಂತಿ.

ಇನ್ನು ಮುಂದಿನದು ನಿಜವಾಗಿ ಹೆದರಿರುವ ಹಾವಿಗೆ.

ಪೆಟ್ಟಿಗೆ

ನನ್ನ ಮೊದಲ ಕಾರ್ನ್ ಸ್ನೇಕ್ ಮರಿ ಮೂರು ವಾರ ಮುಚ್ಚಳ ತೆರೆದಾಗಲೆಲ್ಲ ಹೊಡೆಯುತ್ತಿತ್ತು. ಹಗಲಲ್ಲೂ ಗಾಜಿನ ಅಂಚು ಹಿಡಿದು ಸುತ್ತುತ್ತಲೇ ಇರುತ್ತಿತ್ತು. ನಾನು ಹಟ ಬಿಡದೆ ದಿನಾ ಐದು ನಿಮಿಷ ಕೈಯಲ್ಲಿಟ್ಟುಕೊಂಡು ‘ಪಳಗಿಸುತ್ತಿದ್ದೆ’. ಒಂದು ದಿನ ನೀರಿನ ಬಟ್ಟಲು ತೆಗೆಯುವಾಗ ನೆಲ ಬಿಸಿ ಎನಿಸಿತು. ಥರ್ಮಾಮೀಟರ್ ಇಟ್ಟು ನೋಡಿದರೆ 41 ಡಿಗ್ರಿ ಸೆಲ್ಸಿಯಸ್! ಶಾಖವನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್‌ನ ಪ್ರೋಬ್, ಅಂದರೆ ಶಾಖ ಅಳೆಯುವ ತಂತಿಯ ತುದಿ, ಅಂಟು ಬಿಟ್ಟು ತಂಪು ಗಾಳಿಯಲ್ಲಿ ನೇತಾಡುತ್ತಿತ್ತು. ಅದಕ್ಕೆ ತಂಪು ತಗಲುತ್ತಿತ್ತು, ಹಾಗಾಗಿ ಹೀಟ್ ಮ್ಯಾಟ್ (ನೆಲ ಬೆಚ್ಚಗಿಡುವ ಕರೆಂಟಿನ ಹಾಸು) ನಿಲ್ಲದೆ ಉರಿಯುತ್ತಿತ್ತು. ಇದ್ದ ಒಂದೇ ಒಂದು ಬಿಲ ಆ ಬಿಸಿ ನೆಲದ ಮೇಲಿತ್ತು. ಅಡಗಿದರೆ ಸುಡುತ್ತದೆ, ಹೊರಬಂದರೆ ಹೆದರಿಕೆ. ಪ್ರೋಬ್ ಸರಿಯಾಗಿ ಅಂಟಿಸಿ, ತಂಪು ಬದಿಗೆ ಇನ್ನೊಂದು ಬಿಲ ಇಟ್ಟೆ. ಹತ್ತು ದಿನಕ್ಕೆ ಹೊಡೆಯುವುದು ನಿಂತಿತು. ನನ್ನ ಕೈ ಮಾತ್ರ ಮೊದಲಿನ ಕೈಯೇ.

ಅದಕ್ಕೇ ಶಾಖದಿಂದ ಶುರು ಮಾಡಿ. ಕಾರ್ನ್ ಸ್ನೇಕ್‌ಗೆ ಬೆಚ್ಚನೆ ಬದಿಯ ನೆಲ ಸುಮಾರು 29ರಿಂದ 31 ಡಿಗ್ರಿ, ತಂಪು ಬದಿ 22ರಿಂದ 25. ಬಾಲ್ ಪೈಥಾನ್‌ಗೆ ಬೆಚ್ಚಗೆ 31ರಿಂದ 33, ತಂಪು ಬದಿ 25ರಿಂದ 27. ಅಳೆಯಬೇಕಾದದ್ದು ಹಾವು ಮಲಗುವ ನೆಲವನ್ನು. ಗಾಜಿಗೆ ಅಂಟಿಸಿದ ಮುಳ್ಳಿನ ಮೀಟರ್ ಅಲ್ಲಿನ ಗಾಳಿಯ ಸುದ್ದಿ ಮಾತ್ರ ಹೇಳುತ್ತದೆ. ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟ್ ಇದ್ದರೆ ಈಗಲೇ ಆರಿಸಿ, ಥರ್ಮೋಸ್ಟಾಟ್ ತಂದ ಮೇಲೆ ಹಾಕಿ. ತಂಪು ಜಾಸ್ತಿಯಾದರೂ ತೊಂದರೆಯೇ: ಅರಗುವುದಿಲ್ಲ, ಮೈ ಚುರುಕಾಗುವುದಿಲ್ಲ, ಓಡಿ ತಪ್ಪಿಸಿಕೊಳ್ಳಲಾಗದ ಹಾವು ನಿಂತಲ್ಲೇ ಹೊಡೆಯುತ್ತದೆ.

ಎರಡನೆಯದು ಬಿಲ. ಒಂದಲ್ಲ, ಎರಡು. ಬೆಚ್ಚನೆ ಬದಿಗೊಂದು, ತಂಪು ಬದಿಗೊಂದು. ಒಂದೇ ಇದ್ದರೆ ಹಾವು ಶಾಖವನ್ನು ಬಿಟ್ಟಾದರೂ ಅಡಗುತಾಣವನ್ನು ಹಿಡಿದು ಕೂರುತ್ತದೆ. ಅಳತೆಯೂ ಮುಖ್ಯ. ಸುರುಳಿ ಸುತ್ತಿ ಕೂತಾಗ ಗೋಡೆಗಳು ಮೈಗೆ ತಾಗಬೇಕು. ಮರಿಗೆ ಬೆಳೆದ ಹಾವಿನ ಬಿಲ ಕೊಟ್ಟರೆ ಅದು ಬಿಲವಲ್ಲ, ಚಾವಣಿ.

ಪೆಟ್ಟಿಗೆ ದೊಡ್ಡದಾದರೆ ಮರಿ ಹೆದರುತ್ತದೆ ಎನ್ನುತ್ತಾರೆ. ಅರ್ಧ ನಿಜ. ಹೆದರಿಸುವುದು ಬಯಲು. ದೊಡ್ಡ ಪೆಟ್ಟಿಗೆಯಲ್ಲಿ ಒಣ ಎಲೆ, ತೊಗಟೆ, ಪ್ಲಾಸ್ಟಿಕ್ ಬಳ್ಳಿ, ಕಾಗದದ ಕೊಳವೆ ತುಂಬಿ. ಒಂದು ಬಿಲದಿಂದ ಇನ್ನೊಂದಕ್ಕೆ ತಲೆ ಮರೆಸಿಕೊಂಡೇ ಹೋಗುವ ದಾರಿ ಇದ್ದರೆ ಸಾಕು. ನಾಲ್ಕೂ ಕಡೆ ಗಾಜಾದರೆ ಮೂರು ಕಡೆಗೆ ಹೊರಗಿನಿಂದ ಕಾಗದ ಅಂಟಿಸಿ. ನಯಾಪೈಸೆ ಖರ್ಚಿಲ್ಲದ ಈ ಕೆಲಸ ಅದೆಷ್ಟು ಹಾವುಗಳನ್ನು ತಣ್ಣಗಾಗಿಸುತ್ತದೆ ಎಂದರೆ ನನಗೆ ಈಗಲೂ ಆಶ್ಚರ್ಯ.

ಮೂರನೆಯದು ನಡುಕ. ಹಾವಿಗೆ ಹೊರಗಿವಿ ಇಲ್ಲ. ಆದರೆ ನೆಲದ ಕಂಪನ ದವಡೆಯ ಮೂಳೆ ಮೂಲಕ ಒಳಗಿವಿ ತಲುಪುತ್ತದೆ. ಪೆಟ್ಟಿಗೆ ಇಟ್ಟ ಮೇಜಿನ ಮೇಲೆ ಅಂಗೈ ಊರಿ ಒಂದು ನಿಮಿಷ ನಿಲ್ಲಿ. ವಾಷಿಂಗ್ ಮಷೀನ್, ಫ್ರಿಜ್, ಸ್ಪೀಕರ್, ಧಡಾರನೆ ಮುಚ್ಚುವ ಬಾಗಿಲು, ಏನಾದರೂ ಕೈಗೆ ತಿಳಿದರೆ ಹಾವಿಗೆ ಅದಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಜಾಗ ಬದಲಿಸಿ. ಬೆಕ್ಕು, ನಾಯಿ ಗಾಜಿನ ಮುಂದೆ ಕೂತು ನೋಡುವ ಅಭ್ಯಾಸ ಇದ್ದರೂ ಅಷ್ಟೇ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದು ವಾರ ಕಾಯಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಪೂರ್ತಿ ಹೊಸದಾದ ಮನೆ ನೋಡಿ ಹಾವು ಮತ್ತೆ ಹೆದರುತ್ತದೆ. ಶಾಖ ಮಾತ್ರ ಇದಕ್ಕೆ ಹೊರತು. ಅದು ತಪ್ಪಿದ್ದರೆ ಅದೇ ಗಳಿಗೆಯಲ್ಲಿ ಸರಿಪಡಿಸಿ.

ಮೈ

ಮೊದಲು ಕಣ್ಣು ನೋಡಿ. ಹಾಲು ಬೆರೆಸಿದ ನೀಲಿ ಬಣ್ಣ, ಮೈಯೆಲ್ಲ ಮಂಕು ಇದ್ದರೆ ಹಾವು ಪೊರೆ ಬಿಡುವ ಹಂತದಲ್ಲಿದೆ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೊಂದು ಪಾರದರ್ಶಕ ಹೊದಿಕೆ ಇದೆ, ಪೊರೆಯ ಜೊತೆ ಅದೂ ಕಳಚುತ್ತದೆ. ಕಳಚುವ ಮುಂಚೆ ಅದು ಮಸುಕಾಗುವುದರಿಂದ ಆ ದಿನಗಳಲ್ಲಿ ಹಾವಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕಾಣದ್ದು ಮುಟ್ಟಿದರೆ ಯಾರಾದರೂ ಬೆಚ್ಚುತ್ತಾರೆ. ಕೆಲವು ದಿನಕ್ಕೆ ಕಣ್ಣು ತಿಳಿಯಾಗುತ್ತದೆ. ಮುಗಿಯಿತು ಎಂದು ಅಲ್ಲೇ ಮೋಸ ಹೋಗಬೇಡಿ, ಪೊರೆ ಬೀಳುವುದು ಅದಾಗಿ ಇನ್ನೂ ಕೆಲವು ದಿನಕ್ಕೆ. ಪೂರ್ತಿ ಬಿದ್ದ ಮೇಲೆಯೇ ಎತ್ತಿ. ಬೆಳೆಯುವ ಮರಿ ಸುಮಾರು ನಾಲ್ಕರಿಂದ ಆರು ವಾರಕ್ಕೊಮ್ಮೆ ಪೊರೆ ಬಿಡುವುದರಿಂದ ‘ತಿಂಗಳಿಗೊಮ್ಮೆ ಕೆಡುತ್ತದೆ’ ಎಂಬ ದೂರಿನ ಮೂಲ ಬಹುಪಾಲು ಇಲ್ಲೇ ಇರುತ್ತದೆ.

ಪೊರೆ ತುಂಡುತುಂಡಾಗಿ ಬಂದರೆ ಪೆಟ್ಟಿಗೆಯ ಗಾಳಿಯಲ್ಲಿ ತೇವ ಸಾಲದು. ಕಾರ್ನ್ ಸ್ನೇಕ್‌ಗೆ 40ರಿಂದ 60 ಶೇಕಡಾ, ಬಾಲ್ ಪೈಥಾನ್‌ಗೆ 55ರಿಂದ 70 ಶೇಕಡಾ ತೇವ ಇರಲಿ. ಒದ್ದೆ ಪಾಚಿ (ಮಾಸ್) ತುಂಬಿದ ಒಂದು ಡಬ್ಬಿ ಇಟ್ಟರೆ ಉಳಿದದ್ದು ತಾನಾಗೇ ಕಳಚುತ್ತದೆ. ಕಣ್ಣಿನ ಹೊದಿಕೆ ಉಳಿದಿದ್ದರೆ ಚಿಮುಟ ಹಿಡಿದು ಕೀಳಲು ಹೋಗಬೇಡಿ, ಕಣ್ಣೇ ಹೋದೀತು.

ಆಮೇಲೆ ನುಸಿ, ಅಂದರೆ ಹಾವಿನ ರಕ್ತ ಹೀರುವ ಸಣ್ಣ ಹುಳ. ಹಾವು ಗಂಟೆಗಟ್ಟಲೆ ನೀರಿನ ಬಟ್ಟಲಲ್ಲಿ ಮುಳುಗಿ ಕೂತಿದ್ದರೆ, ಮುಟ್ಟಿದರೆ ಮೈ ಕೊಡವಿದರೆ, ಗದ್ದದ ಕೆಳಗೂ ಕಣ್ಣಿನ ಸುತ್ತಲೂ ಓಡಾಡುವ ಕರಿ ಚುಕ್ಕೆ ಹುಡುಕಿ. ಒದ್ದೆ ಬಿಳಿ ಟಿಶ್ಯೂ ಮೇಲೆ ಹಾವನ್ನು ಹರಿಯಲು ಬಿಟ್ಟರೆ ಅವು ಎದ್ದು ಕಾಣುತ್ತವೆ. ಮೈಯೆಲ್ಲ ಕಡಿಯುತ್ತಿರುವ ಹಾವಿನ ಹತ್ತಿರ ನೆಮ್ಮದಿ ಕೇಳಬೇಡಿ.

ಬಾಯಿ ತೆರೆದು ಉಸಿರಾಡುವುದು, ಉಸಿರಲ್ಲಿ ಗೊರಗೊರ, ಮೂಗಲ್ಲಿ ಗುಳ್ಳೆ, ಬಾಯಂಚಿನಲ್ಲಿ ಕೆಂಪು ಊತ ಅಥವಾ ಕೀವು, ಇವು ಯಾವುದು ಕಂಡರೂ ಈ ಬರಹ ಪಕ್ಕಕ್ಕಿಟ್ಟು ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಹೋಗಿ.

ಬಾಲ್ ಪೈಥಾನ್ ಸಾಕುವವರಿಗೆ ಇನ್ನೊಂದು ಮಾತು. ‘ಸ್ಪೈಡರ್’ ಎಂಬ ಬಣ್ಣದ ತಳಿಯಲ್ಲಿ ತಲೆ ಓಲಾಡುವ ನರದ ತೊಂದರೆ ಹುಟ್ಟಿನಿಂದಲೇ ಬರುತ್ತದೆ. ಕೆಲವಕ್ಕೆ ಕಂಡೂ ಕಾಣದಷ್ಟು, ಕೆಲವಕ್ಕೆ ತಲೆ ಕೆಳಗಾಗುವಷ್ಟು. ಗಾಬರಿಯಾದಾಗ ಅದು ಏರುತ್ತದೆ, ಹಾಗಾಗಿ ಹೆದರಿಕೆ ಎಂದೇ ಬಹಳ ಜನ ತಿಳಿಯುತ್ತಾರೆ. ಇದು ಪಳಗಿಸಿದರೆ ಹೋಗುವಂಥದ್ದಲ್ಲ. ಅಂಥ ಹಾವನ್ನು ಕಡಿಮೆ ಎತ್ತುವುದೇ ಉಪಕಾರ.

ಊಟ

ಮರಿಗೆ ಐದರಿಂದ ಏಳು ದಿನಕ್ಕೊಮ್ಮೆ, ಅದರ ಮೈಯ ದಪ್ಪನೆ ಭಾಗದಷ್ಟೇ ದಪ್ಪದ ಇಲಿಮರಿ. ಉಂಡ ಮೇಲೆ 48 ಗಂಟೆ ಮುಟ್ಟಬಾರದು. ಹೊಟ್ಟೆಯ ಗಂಟು ಇನ್ನೂ ಕಾಣುತ್ತಿದ್ದರೆ ಮತ್ತೂ ಕಾಯಿರಿ. ಕಕ್ಕಿದರೆ ಕೂಡಲೇ ಇನ್ನೊಂದು ಕೊಡುವುದು ದೊಡ್ಡ ತಪ್ಪು. ಹತ್ತರಿಂದ ಹದಿನಾಲ್ಕು ದಿನ ಹೊಟ್ಟೆಗೆ ಬಿಡುವು ಕೊಟ್ಟು, ಆಮೇಲೆ ಅರ್ಧ ಗಾತ್ರದ್ದು ಕೊಡಿ. ಎರಡನೆಯ ಸಲವೂ ಕಕ್ಕಿದರೆ ವೈದ್ಯರಿಗೆ ತೋರಿಸಿ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹೊಡೆಯುತ್ತಿದ್ದರೂ ಚೆನ್ನಾಗಿ ತಿನ್ನುವ ಮರಿಯ ಬಗ್ಗೆ ನನಗೆ ಚಿಂತೆಯಿಲ್ಲ. ಸುಮ್ಮನೆ ಕೈಗೆ ಬರುತ್ತದೆ, ಆದರೆ ತಿನ್ನುವುದು ಬಿಟ್ಟಿದೆ ಎಂದರೆ ಚಿಂತೆ. ಮೊದಲನೆಯದು ತನಗೆ ಏನು ಬೇಡ ಎಂದು ಹೇಳುತ್ತಿದೆ. ಎರಡನೆಯದು ಹೇಳುವುದನ್ನೇ ಬಿಟ್ಟಿದೆ. ತಿನ್ನದ ಮರಿಯನ್ನು ಎತ್ತುವುದು ಪೂರ್ತಿ ನಿಲ್ಲಿಸಿ, ಮತ್ತೆ ಮೂರು ಊಟದ ಲೆಕ್ಕದಿಂದ ಶುರು ಮಾಡಿ.

ಕೊನೆಗೆ, ಕೈ

ಪೆಟ್ಟಿಗೆ ಸರಿ, ಮೈ ಸರಿ, ಊಟ ಸರಿ. ಆದರೂ ಹೊಡೆಯುತ್ತದೆ. ಹಾಗಾದರೆ ಕೈ ನೋಡೋಣ.

ಕೈ ಎಲ್ಲಿಂದ ಬರುತ್ತಿದೆ? ಮೇಲಿನಿಂದ ಬಂದರೆ ಹದ್ದು. ಪಕ್ಕದಿಂದ, ನೆಲಕ್ಕೆ ತಾಗಿಸಿಕೊಂಡು ಬನ್ನಿ. ಬಿಲದೊಳಗೆ ಬೆರಳು ತೂರಿಸಿ ಎಳೆಯಬೇಡಿ. ಬಿಲವನ್ನೇ ಮೆಲ್ಲಗೆ ಎತ್ತಿ ಪಕ್ಕಕ್ಕಿಡಿ, ಹಾವು ನಾಲಗೆ ಆಡಿಸುವ ತನಕ ಕಾಯಿರಿ. ನಾಲಗೆ ಆಡುತ್ತಿದೆ ಎಂದರೆ ಅದು ನಿಮ್ಮ ವಾಸನೆ ಅಳೆಯುತ್ತಿದೆ. ನಾಲಗೆ ನಿಂತು ಮೈ ಬಿಗಿಯಾದರೆ ಗಾಬರಿ.

ಎತ್ತುವಾಗ ಮೈಯ ನಡುಭಾಗದ ಕೆಳಗೆ ಬೆರಳು ಜಾರಿಸಿ, ಎರಡು ಕಡೆ ಆಸರೆ ಕೊಟ್ಟು, ಒಂದೇ ಸಲಕ್ಕೆ ಎತ್ತಿ. ನಿಧಾನ ಬೇರೆ, ಅನುಮಾನ ಬೇರೆ. ಕೈ ಮುಂದೆ, ಹಿಂದೆ, ಮತ್ತೆ ಮುಂದೆ ಎಂದು ತಡವರಿಸಿದರೆ ಹಾವಿಗೆ ಅದು ಹೊಂಚುವ ಪ್ರಾಣಿಯ ಹಾಗೇ ಕಾಣುತ್ತದೆ. ಕತ್ತು ಹಿಡಿಯಬೇಡಿ, ಬಾಲ ಹಿಡಿದು ಎಳೆಯಬೇಡಿ. ಓಡುವ ಮರಿಯನ್ನು ಮುಷ್ಟಿಯಲ್ಲಿ ತಡೆಯುವ ಬದಲು ಒಂದು ಕೈಯ ಮುಂದೆ ಇನ್ನೊಂದು ಕೈ ಇಡುತ್ತ ಹೋಗಿ, ಅದು ಹರಿಯುತ್ತಲೇ ಇರಲಿ. ನೆಲದ ಮೇಲೆ ಅಥವಾ ಹಾಸಿಗೆ ಮೇಲೆ ಕೂತೇ ಮಾಡಿ. ನಿಂತಿದ್ದಾಗ ಬಿದ್ದರೆ ಮರಿಗೆ ಪೆಟ್ಟಾಗುತ್ತದೆ.

ಮೊದಲ ವಾರಗಳಲ್ಲಿ ಎರಡು ಮೂರು ನಿಮಿಷ ಸಾಕು, ವಾರಕ್ಕೆ ಎರಡು ಮೂರು ಸಲ. ಹತ್ತು ಹದಿನೈದು ನಿಮಿಷಕ್ಕೆ ಏರಿಸಲು ತಿಂಗಳುಗಳೇ ಹಿಡಿಯಲಿ.

ಯಾವಾಗ ಇಳಿಸುತ್ತೀರಿ ಎನ್ನುವುದು ಹೇಗೆ ಎತ್ತುತ್ತೀರಿ ಎನ್ನುವುದಕ್ಕಿಂತ ದೊಡ್ಡದು. ಹೊಡೆದ ಕೂಡಲೇ ಒಳಗೆ ಬಿಟ್ಟರೆ, ಹೊಡೆದರೆ ಬಿಡುಗಡೆ ಎಂದು ಕಲಿಯುತ್ತದೆ. ಹಾಗೆಂದು ಸೋಲುವ ತನಕ ಹಿಡಿದಿಟ್ಟುಕೊಂಡರೆ, ಕೈ ಎಂದರೆ ಬಲೆ ಎಂದು ಕಲಿಯುತ್ತದೆ. ನಡುವಿನ ದಾರಿ ಇದು: ಹೊಡೆದರೆ ಕೈ ಕದಲಿಸದೆ ಸುಮ್ಮನಿರಿ. ಉಸಿರು ನಿಧಾನವಾಗಿ, ನಾಲಗೆ ಮತ್ತೆ ಆಡಿದ ಆ ಒಂದು ಕ್ಷಣಕ್ಕೆ ಇಳಿಸಿ. ಅದು ಅರ್ಧ ನಿಮಿಷವಾದರೂ ಸರಿ. ಎರಡು ಮೂರು ನಿಮಿಷವಾದರೂ ಶಾಂತವಾಗದಿದ್ದರೆ ಅಂದಿಗೆ ಬಿಟ್ಟುಬಿಡಿ, ಒಂದು ವಾರ ರಜೆ ಕೊಡಿ. ಅದಕ್ಕೂ ಬಗ್ಗದ ಮರಿಗೆ ಎತ್ತುವುದನ್ನೇ ನಿಲ್ಲಿಸಿ, ದಿನಾ ಸಂಜೆ ಐದು ನಿಮಿಷ ಪೆಟ್ಟಿಗೆಯೊಳಗೆ ಕೈ ಸುಮ್ಮನೆ ಇಟ್ಟುಕೊಂಡು ಕೂರಿ. ಬೇಸರದ ಕೆಲಸ, ಒಪ್ಪುತ್ತೇನೆ.

ತೊಟ್ಟ ಬನಿಯನ್ ತುಂಡು ಒಳಗಿಟ್ಟರೆ ವಾಸನೆ ಅಭ್ಯಾಸವಾಗುತ್ತದೆ ಎನ್ನುತ್ತಾರೆ. ಕೆಡುಕಂತೂ ಇಲ್ಲ, ಆದರೆ ನನಗೆ ಅದರಲ್ಲಿ ಅಷ್ಟು ನಂಬಿಕೆಯೂ ಇಲ್ಲ. ದಪ್ಪ ಗ್ಲೌಸ್ ಬೇಡ, ಎಷ್ಟು ಒತ್ತುತ್ತಿದ್ದೀರಿ ಎಂದೇ ತಿಳಿಯುವುದಿಲ್ಲ. ಕಚ್ಚೀತು ಎಂದು ನಿಮ್ಮ ಕೈಯೇ ನಡುಗುತ್ತಿದ್ದರೆ ತೆಳು ಗ್ಲೌಸ್ ಹಾಕಿಕೊಳ್ಳಿ, ನಾಚಿಕೆಯೇನಿಲ್ಲ.

ಕಚ್ಚಿಯೇಬಿಟ್ಟರೆ

ಮರಿಯ ಹಲ್ಲು ಸೂಜಿಮೊನೆ ಚುಚ್ಚಿದಷ್ಟು. ಕೈ ಹಿಂದಕ್ಕೆ ಎಳೆಯಬೇಡಿ. ಹಲ್ಲು ಒಳಮುಖವಾಗಿ ಬಾಗಿರುವುದರಿಂದ ಎಳೆದರೆ ನಿಮಗೆ ಗೀರು, ಅದಕ್ಕೆ ಹಲ್ಲು ಮುರಿತ. ಹಸಿವಿನಿಂದ ಹಿಡಿದು ಬಿಡದಿದ್ದರೆ ತಣ್ಣೀರಿನ ಸಣ್ಣ ಧಾರೆ ಬಿಡಿ, ಬಾಲದ ಕಡೆಯಿಂದ ಸುರುಳಿ ಬಿಡಿಸುತ್ತ ಬನ್ನಿ. ಆಮೇಲೆ ಗಾಯವನ್ನು ಸೋಪು ನೀರಿನಲ್ಲಿ ತೊಳೆಯಿರಿ. ಕಚ್ಚಲಿ ಬಿಡಲಿ, ಹಾವು ಮುಟ್ಟಿದ ಮೇಲೆ ಪ್ರತಿ ಸಲ ಕೈ ತೊಳೆಯಲೇಬೇಕು. ಆರೋಗ್ಯವಾಗಿರುವ ಹಾವಿನ ಮೈಮೇಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳ ಕೈಗೆ ಹಾವು ಕೊಡಬೇಡಿ.

ಸರಿಹೋಗಿದ್ದು ಮತ್ತೆ ಕೆಟ್ಟರೆ

ಒಂದು ಸಣ್ಣ ಪುಸ್ತಕ ಇಡಿ. ಊಟದ ತಾರೀಖು, ಪೊರೆ ಬಿಟ್ಟ ತಾರೀಖು, ನೆಲದ ಶಾಖ, ಎತ್ತಿದ ದಿನ, ಹೊಡೆಯಿತೋ ಇಲ್ಲವೋ. ಎರಡು ತಿಂಗಳ ಪುಟ ತಿರುವಿದರೆ ಕಾರಣ ಅಲ್ಲೇ ಇರುತ್ತದೆ. ನನ್ನ ಪುಸ್ತಕದಲ್ಲಿ ‘ಹೊಡೆಯಿತು’ ಎಂದು ಬರೆದ ದಿನಗಳಲ್ಲಿ ಹೆಚ್ಚಿನವು ಪೊರೆಯ ಹಿಂದಿನ ವಾರದವು. ಉಳಿದವು ಊಟಕ್ಕೆ ತಡವಾದ ದಿನಗಳು. ಒಂದೇ ಒಂದು ದಿನಕ್ಕೆ ಕಾರಣ ಸಿಗಲಿಲ್ಲ. ಅವತ್ತು ನಾನು ಹೊಸ ಸೋಪು ಹಾಕಿ ಕೈ ತೊಳೆದಿದ್ದೆ ಎಂದು ಆಮೇಲೆ ನೆನಪಾಯಿತು.